ದತ್ತಸಂಚಯಗಳ ಪ್ರತಿರೂಪಣ ಮತ್ತು ರಕ್ಷಣೆ: ಒಂದು ವಿವೇಚನೆ

ಗ್ರಂಥವೊಂದರ ಏಕೈಕ ಪ್ರತಿಯು ಒಂದೇ ಭಂಡಾರದಲ್ಲಿ ಉಳಿದಿರುವುದು ಎಷ್ಟು ಅಪಾಯಕರವಾದ ಸ್ಥಿತಿಯೆಂಬುದು ಹಸ್ತಪ್ರತಿಗಳಲ್ಲಿ ಪರಿಶ್ರಮವುಳ್ಳ ವಿದ್ವಾಂಸರಿಗೆ ವಿದಿತವೇ ಇದೆ. ಷಟ್ಖಂಡಾಗಮದ ಧವಲಾ ಟೀಕೆಯ ಪ್ರಾಚೀನ ಓಲೆಗರಿಗಳು ಶತಮಾನಗಳ ಕಾಲ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರವೇ ಉಳಿದಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಲಿಪಿಕಾರ್ಯವು ಆರಂಭವಾಗಿ, ಆ ಪ್ರತಿಗಳ ಪ್ರತಿಗಳು ಉತ್ತರ ಭಾರತದ ಭಂಡಾರಗಳನ್ನು ಸೇರಿ, ೧೯೩೯ರಿಂದ ೧೯೫೮ರವರೆಗೆ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಹದಿನಾರು ಸಂಪುಟಗಳಾಗಿ ಮುದ್ರಣಗೊಂಡ ಮೇಲೆಯೇ ಲೋಪದ ಭಯವು ನೀಗಿತು. ಆದರೂ ಪ್ರತಿಗಳ ಪ್ರತಿಗಳಲ್ಲಿ ನುಸುಳಿದ್ದ ಸ್ಖಾಲಿತ್ಯಗಳನ್ನು ತಿದ್ದಲು ಮತ್ತೆ ಮೂಡಬಿದಿರೆಯ ಗರಿಗಳನ್ನೇ ಆಶ್ರಯಿಸಬೇಕಾಯಿತು. ಪ್ರತಿಗಳು ಹೆಚ್ಚಿದರೆ ಗ್ರಂಥ ಉಳಿಯುತ್ತದೆ. ಆದರೆ ಪ್ರತಿಯೊಡನೆ ದೋಷವೂ ಹರಡುತ್ತದೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ನೆನಪಿನಲ್ಲಿಟ್ಟುಕೊಂಡವರಿಗೆ ಮುಂದಿನ ವಿಷಯವು ಸುಗಮವಾಗುವುದು.

ಇಂದು ಹಸ್ತಪ್ರತಿಗಳ ವರ್ಣನಾತ್ಮಕ ಸೂಚಿಗಳೂ ಛಾಯಾಚಿತ್ರಗಳ ವಿವರಗಳೂ ಗಣಕಯಂತ್ರದ ದತ್ತಸಂಚಯಗಳಲ್ಲಿ, ಅಂದರೆ ರೂಢಿಯಲ್ಲಿ ಡೇಟಾಬೇಸ್ ಎನ್ನುವ ವ್ಯವಸ್ಥೆಯಲ್ಲಿ, ಸೇರುತ್ತಿವೆ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆ, ರೈಲಿನ ಕಾಯ್ದಿರಿಸುವಿಕೆ ಇವೂ ಅಲ್ಲಿಯೇ ಇವೆ. ಇಂಥ ಸಂಚಯವನ್ನು ಹೊತ್ತ ಯಂತ್ರಗಳ ಮನೆಗೆ ದತ್ತಕೇಂದ್ರವೆಂದು ಹೆಸರು. ಒಂದು ದತ್ತಕೇಂದ್ರವು ನಾಶವಾದರೂ ಸಂಚಯವು ನಾಶವಾಗದಂತೆ, ಸೇವೆಯೂ ನಿಲ್ಲದಂತೆ, ದೂರದ ಮತ್ತೊಂದು ಕೇಂದ್ರದಲ್ಲಿ ಅದರ ಪ್ರತಿಯನ್ನು ಇಡುವ ವಿಧಾನವೇ ಪ್ರಸ್ತುತ ಲೇಖನದ ವಿಷಯ.

೧. ಮೂರು ಪದಗಳ ಅರ್ಥಭೇದ

ಈ ವಿಷಯದಲ್ಲಿ ಮೂರು ಪದಗಳು ಬಳಕೆಯಲ್ಲಿವೆ. ಅವುಗಳ ಅರ್ಥಸಾಂಕರ್ಯದಿಂದಲೇ ಬಹಳಷ್ಟು ಹಾನಿಗಳು ಸಂಭವಿಸಿವೆಯಾದ್ದರಿಂದ ಮೊದಲು ಅವುಗಳ ಲಕ್ಷಣವನ್ನು ಬೇರ್ಪಡಿಸಿ ಹೇಳುವುದು ಯುಕ್ತ.

ರೆಪ್ಲಿಕೇಷನ್ ಅಥವಾ ಪ್ರತಿರೂಪಣವೆಂದರೆ ಪ್ರಧಾನ ಪ್ರತಿಯಲ್ಲಿ ಆಗುವ ಪ್ರತಿಯೊಂದು ಬದಲಾವಣೆಯನ್ನೂ ಅನುಪ್ರತಿಯಲ್ಲಿ ಎಡೆಬಿಡದೆ ಮಾಡುತ್ತಿರುವುದು. ಅನುಪ್ರತಿಯು ಸದಾ ವರ್ತಮಾನವನ್ನು ತೋರಿಸುತ್ತದೆ. ಬ್ಯಾಕಪ್ ಎಂದರೆ ಒಂದು ನಿರ್ದಿಷ್ಟ ಕಾಲದ ಸ್ಥಿತಿಯನ್ನು ಹಾಗೆಯೇ ತೆಗೆದು ಬೇರೆಡೆ ಇಡುವುದು. ಅದು ಭೂತಕಾಲವನ್ನು ಕಾಪಾಡುತ್ತದೆ. ಫೇಲ್‌ಓವರ್ ಎಂದರೆ ಪ್ರಧಾನ ಪ್ರತಿಯು ಕೆಲಸಕ್ಕೆ ಬಾರದಾದಾಗ ಅನುಪ್ರತಿಯೊಂದಕ್ಕೆ ಪ್ರಧಾನಸ್ಥಾನವನ್ನು ಕೊಟ್ಟು ಸೇವೆಯನ್ನು ಮುಂದುವರಿಸುವುದು. ಮೊದಲನೆಯದು ಒಂದು ಪ್ರವಾಹ, ಎರಡನೆಯದು ಒಂದು ನಿಕ್ಷೇಪ, ಮೂರನೆಯದು ಒಂದು ನಿರ್ಣಯ. ಒಂದರ ಕೆಲಸವನ್ನು ಮತ್ತೊಂದು ಮಾಡಲಾರದು.

೨. ಪ್ರತಿರೂಪಣದ ಕ್ರಮ

ಇಡೀ ಸಂಚಯವನ್ನು ಪ್ರತಿ ಸಲವೂ ನಕಲು ಮಾಡುವುದು ಅಸಾಧ್ಯ. ಆದ್ದರಿಂದ ದತ್ತಸಂಚಯಗಳು ಒಂದು ಉಪಾಯವನ್ನು ಅವಲಂಬಿಸಿವೆ. ಯಾವುದೇ ಬದಲಾವಣೆಯನ್ನು ಸಂಚಯದ ಪುಟದಲ್ಲಿ ಮಾಡುವ ಮೊದಲು ಅದನ್ನು ಒಂದು ದಿನವಹಿಯಲ್ಲಿ ಅನುಕ್ರಮವಾಗಿ ಬರೆಯಲಾಗುತ್ತದೆ. ಯಂತ್ರವು ನಡುವೆ ನಿಂತುಹೋದರೆ ಆ ವಹಿಯನ್ನು ಓದಿ ಅಪೂರ್ಣವಾದುದನ್ನು ಸರಿಪಡಿಸಿಕೊಳ್ಳುತ್ತದೆ. ಇದೇ ವಹಿಯ ನಮೂದುಗಳನ್ನು ದೂರದ ಕೇಂದ್ರಕ್ಕೆ ಕಳುಹಿಸಿ ಅಲ್ಲಿ ಅದೇ ಅನುಕ್ರಮದಲ್ಲಿ ಅನ್ವಯಿಸಿದರೆ ಅನುಪ್ರತಿಯು ಸಿದ್ಧವಾಗುತ್ತದೆ. ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ದತ್ತಸಂಚಯ ತಂತ್ರಾಂಶದಲ್ಲಿ ಈ ವಹಿಯನ್ನು ಹರಿಯುವ ಧಾರೆಯಂತೆ ಕಳುಹಿಸುವ ವ್ಯವಸ್ಥೆಯು ೨೦೧೦ರಿಂದ ಅಂತರ್ಗತವಾಗಿದೆ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದರಲ್ಲಿಯೂ ಇಂಥದೇ ವಹಿಯುಂಟು.

ವಹಿಯಲ್ಲಿ ಏನನ್ನು ಬರೆಯಬೇಕೆಂಬುದರಲ್ಲಿ ಎರಡು ಪಕ್ಷಗಳಿವೆ. ಆಜ್ಞೆಯನ್ನೇ ಬರೆಯುವುದು ಒಂದು. ಆಜ್ಞೆಯ ಫಲವನ್ನು ಬರೆಯುವುದು ಇನ್ನೊಂದು. ದೃಷ್ಟಾಂತಕ್ಕೆ, ಸೂಚಿಯೊಂದರಲ್ಲಿ "ಈ ನಮೂದಿಗೆ ಈಗಿನ ವೇಳೆಯನ್ನು ಬರೆ" ಎಂಬ ಆಜ್ಞೆ ಇದೆಯೆಂದು ಭಾವಿಸೋಣ. ಆಜ್ಞೆಯನ್ನೇ ಕಳುಹಿಸಿದರೆ ಎರಡನೆಯ ಕೇಂದ್ರವು ಅದನ್ನು ಓದುವ ಕ್ಷಣದ ವೇಳೆಯನ್ನು ಬರೆಯುವ ಸಂಭವವಿದೆ. ಎರಡು ಪ್ರತಿಗಳಲ್ಲಿ ಪಾಠಾಂತರ ಉಂಟಾಗುತ್ತದೆ. ಫಲವನ್ನು, ಅಂದರೆ ಬರೆಯಲ್ಪಟ್ಟ ವೇಳೆಯನ್ನೇ, ಕಳುಹಿಸಿದರೆ ಈ ದೋಷವಿಲ್ಲ. ಆದರೆ ವಹಿಯ ಗಾತ್ರವು ಬೆಳೆಯುತ್ತದೆ. ಪಾಠದ ಅರ್ಥವನ್ನು ಊಹಿಸಿ ಬರೆಯುವ ಲಿಪಿಕಾರನಿಗಿಂತ ಕಂಡ ಅಕ್ಷರವನ್ನು ಕಂಡಂತೆ ಬರೆಯುವ ಲಿಪಿಕಾರನು ಹೆಚ್ಚು ವಿಶ್ವಾಸಾರ್ಹನೆಂಬ ನ್ಯಾಯವೇ ಇಲ್ಲಿಯೂ ಅನ್ವಯಿಸುತ್ತದೆ.

೩. ದೂರ ಮತ್ತು ವಿಳಂಬ

ಪ್ರತಿರೂಪಣದಲ್ಲಿ ಎರಡು ವಿಧ. ಅನುಪ್ರತಿಯಲ್ಲಿಯೂ ಬರೆಯಲ್ಪಟ್ಟಿತೆಂಬ ಉತ್ತರ ಬಂದ ಮೇಲೆಯೇ "ಕಾರ್ಯವು ಸಿದ್ಧಿಸಿತು" ಎಂದು ಬಳಕೆದಾರನಿಗೆ ತಿಳಿಸುವುದು ಸಮಕಾಲಿಕ ವಿಧ. ಪ್ರಧಾನ ಪ್ರತಿಯಲ್ಲಿ ಬರೆದ ಕೂಡಲೇ ತಿಳಿಸಿ, ಅನುಪ್ರತಿಗೆ ಅನಂತರ ಕಳುಹಿಸುವುದು ಅಸಮಕಾಲಿಕ ವಿಧ.

ಸಮಕಾಲಿಕವೇ ಶ್ರೇಷ್ಠವಲ್ಲವೇ, ಅದನ್ನೇ ಎಲ್ಲೆಡೆಯೂ ಏಕೆ ಬಳಸಬಾರದು ಎಂಬ ಶಂಕೆ ಮೂಡಬಹುದು. ಸಮಾಧಾನವಿದು: ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨,೦೦,೦೦೦ ಕಿಲೋಮೀಟರು ಚಲಿಸುತ್ತದೆ. ಎರಡು ಕೇಂದ್ರಗಳ ನಡುವಣ ತಂತುವಿನ ಉದ್ದ ೧,೦೦೦ ಕಿಲೋಮೀಟರಾದರೆ, ಸಂದೇಶವು ಹೋಗಿ ಉತ್ತರ ಬರಲು ಕನಿಷ್ಠ ೧೦ ಮಿಲಿಸೆಕೆಂಡು ಬೇಕು. ಒಂದು ನಮೂದಿಗೆ ಇದು ಅಲ್ಪಕಾಲವೇ ಸರಿ. ಆದರೆ ಒಂದರ ಫಲವನ್ನು ಮತ್ತೊಂದು ಕಾಯಬೇಕಾದ ಸಾವಿರ ನಮೂದುಗಳಿದ್ದರೆ ಕಾಯುವಿಕೆಯೇ ೧೦ ಸೆಕೆಂಡಾಗುತ್ತದೆ. ಯಂತ್ರದ ವೇಗವನ್ನು ಹೆಚ್ಚಿಸಿ ಇದನ್ನು ಪರಿಹರಿಸುವಂತಿಲ್ಲ. ಇದು ಪ್ರಕೃತಿಯ ಮಿತಿ. ಅದಲ್ಲದೆ ಕಾಯಲೇಬೇಕೆಂಬ ನಿಯಮವಿದ್ದಾಗ ದೂರದ ಕೇಂದ್ರವು ನಿಂತರೆ ಹತ್ತಿರದ್ದೂ ನಿಲ್ಲುತ್ತದೆ.

ಅಸಮಕಾಲಿಕದಲ್ಲಿ ಈ ಕಷ್ಟವಿಲ್ಲ. ಆದರೆ ಅನುಪ್ರತಿಯು ಸದಾ ಸ್ವಲ್ಪ ಹಿಂದೆ ಇರುತ್ತದೆ. ಪ್ರಧಾನ ಕೇಂದ್ರವು ಹಠಾತ್ತನೆ ನಾಶವಾದರೆ ಆ ಅಂತರದಲ್ಲಿನ ನಮೂದುಗಳು ಲುಪ್ತವಾಗುತ್ತವೆ. ಆದಕಾರಣ ಪ್ರತಿ ಸಂಸ್ಥೆಯೂ ಎರಡು ಪ್ರಶ್ನೆಗಳಿಗೆ ಮೊದಲೇ ಉತ್ತರವನ್ನು ನಿಶ್ಚಯಿಸಿಕೊಳ್ಳಬೇಕಾಗುತ್ತದೆ: ಎಷ್ಟು ಹೊತ್ತಿನ ನಮೂದುಗಳ ನಷ್ಟವನ್ನು ಸಹಿಸಬಹುದು? ಸೇವೆಯು ಎಷ್ಟು ಹೊತ್ತು ನಿಲ್ಲುವುದನ್ನು ಸಹಿಸಬಹುದು? ಭಾರತದ ಷೇರುಪೇಟೆಗಳ ನಿಯಂತ್ರಕ ಸಂಸ್ಥೆಯಾದ ಸೆಬಿಯು ೨೦೨೧ರ ಮಾರ್ಚಿಯಲ್ಲಿ ಷೇರುಪೇಟೆ ಮೊದಲಾದ ಸಂಸ್ಥೆಗಳಿಗೆ ಮೊದಲನೆಯದಕ್ಕೆ ೧೫ ನಿಮಿಷ, ಎರಡನೆಯದಕ್ಕೆ ೪೫ ನಿಮಿಷ ಎಂದು ಮಿತಿಯನ್ನು ವಿಧಿಸಿತು. ಹೀಗೆ ಅಂಕೆಯಲ್ಲಿ ಹೇಳದ ರಕ್ಷಣೆಯು ಬರಿಯ ಆಶಯವಾಗಿ ಉಳಿಯುವುದು.

೪. ಅನುಪ್ರತಿಯು ಬ್ಯಾಕಪ್ ಅಲ್ಲ

ಸೂಚಿಕಾರನೊಬ್ಬನು ಭಂಡಾರವೊಂದರ ಸಮಸ್ತ ನಮೂದುಗಳನ್ನು ಪ್ರಮಾದದಿಂದ ಅಳಿಸಿಬಿಟ್ಟನೆಂದು ಊಹಿಸೋಣ. ಅಳಿಸುವಿಕೆಯೂ ದಿನವಹಿಯ ದೃಷ್ಟಿಯಲ್ಲಿ ಒಂದು ಬದಲಾವಣೆಯೇ. ಅದು ಅನುಪ್ರತಿಗೆ ಕ್ಷಣಮಾತ್ರದಲ್ಲಿ ತಲುಪಿ ಅಲ್ಲಿಯೂ ಎಲ್ಲವನ್ನೂ ಅಳಿಸುತ್ತದೆ. ಪ್ರತಿರೂಪಣವು ಎಷ್ಟು ಶೀಘ್ರವೋ ನಾಶವೂ ಅಷ್ಟೇ ಶೀಘ್ರ. ಯಂತ್ರದ ನಾಶದಿಂದ ಅನುಪ್ರತಿಯು ಕಾಪಾಡುತ್ತದೆ; ಮನುಷ್ಯನ ಪ್ರಮಾದದಿಂದ ಅದು ಕಾಪಾಡಲಾರದು. ಪ್ರಮಾದಕ್ಕೆ ಮುಂಚಿನ ಸ್ಥಿತಿಯನ್ನು ಕೊಡಬಲ್ಲದ್ದು ಬ್ಯಾಕಪ್ ಒಂದೇ.

ಇದಕ್ಕೆ ಉದಾಹರಣೆಯಾಗಿ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ೨೦೧೭ರ ಜನವರಿ ೩೧ರಂದು ನಡೆದುದನ್ನು ನೋಡಬಹುದು. ತಂತ್ರಾಂಶಗಳ ಮೂಲಲೇಖಗಳನ್ನು ಸಂರಕ್ಷಿಸುವ ಈ ಸಂಸ್ಥೆಯ ದತ್ತಸಂಚಯದಲ್ಲಿ ಅಂದು ಪ್ರತಿರೂಪಣವು ನಿಂತುಹೋಗಿತ್ತು. ಅದನ್ನು ಸರಿಪಡಿಸಲು ರಾತ್ರಿಯಲ್ಲಿ ಶ್ರಮಿಸುತ್ತಿದ್ದ ಕೆಲಸಗಾರನೊಬ್ಬನು ಅನುಪ್ರತಿಯ ಯಂತ್ರವೆಂದು ಭಾವಿಸಿ ಪ್ರಧಾನ ಯಂತ್ರದಲ್ಲಿಯೇ ಅಳಿಸುವ ಆಜ್ಞೆಯನ್ನು ಕೊಟ್ಟನು. ಒಂದೆರಡು ಸೆಕೆಂಡುಗಳಲ್ಲಿ ತಪ್ಪು ತಿಳಿದು ತಡೆಯುವಷ್ಟರಲ್ಲಿ ಸುಮಾರು ೩೦೦ ಗಿಗಾಬೈಟಿನಲ್ಲಿ ಉಳಿದದ್ದು ೪.೫ ಗಿಗಾಬೈಟು ಮಾತ್ರ.

ಬಳಿಕ ಬ್ಯಾಕಪ್ಪುಗಳನ್ನು ಹುಡುಕಲಾಗಿ ಕಂಡುಬಂದ ಸಂಗತಿಯು ಇನ್ನೂ ಶೋಚನೀಯ. ಪ್ರತಿದಿನ ತೆಗೆಯಲ್ಪಡುತ್ತಿದೆಯೆಂದು ಎಲ್ಲರೂ ನಂಬಿದ್ದ ಬ್ಯಾಕಪ್, ಸಂಚಯದ ಆವೃತ್ತಿಗೂ ಬ್ಯಾಕಪ್ ತೆಗೆಯುವ ಉಪಕರಣದ ಆವೃತ್ತಿಗೂ ಹೊಂದಾಣಿಕೆ ಇಲ್ಲದೆ ವಿಫಲವಾಗುತ್ತಿತ್ತು. ವೈಫಲ್ಯವನ್ನು ತಿಳಿಸುವ ಮಿಂಚಂಚೆಗಳೂ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಐದು ವಿಧದ ರಕ್ಷಣೋಪಾಯಗಳಲ್ಲಿ ಒಂದೂ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ಸಂಸ್ಥೆಯೇ ಬಹಿರಂಗವಾಗಿ ಒಪ್ಪಿಕೊಂಡಿತು. ಆ ಕೆಲಸಗಾರನು ಬೇರೊಂದು ಪರೀಕ್ಷೆಗಾಗಿ ಸುಮಾರು ಆರು ಗಂಟೆಗಳ ಹಿಂದೆ ಆಕಸ್ಮಿಕವಾಗಿ ತೆಗೆದಿಟ್ಟಿದ್ದ ಒಂದು ಪ್ರತಿಯಿಂದ ಸಂಚಯವು ಪುನರುಜ್ಜೀವಿತವಾಯಿತು. ಆ ಆರು ಗಂಟೆಗಳ ನಮೂದುಗಳು ಶಾಶ್ವತವಾಗಿ ಹೋದವು. ಅಳಿಸಿದವನನ್ನು ದೂಷಿಸುವುದು ಇಲ್ಲಿ ಸುಲಭ. ಆದರೆ ಸಂಚಯವನ್ನು ಕಾಪಾಡಿದ ಪ್ರತಿಯೂ ಅವನದೇ ಎಂಬುದನ್ನು ಮರೆಯಬಾರದು. ದೋಷವು ಒಬ್ಬನ ಕೈಯಲ್ಲಿ ಇರಲಿಲ್ಲ. ಯಾರೂ ತೆರೆದು ನೋಡದ ಪ್ರತಿಗಳ ಮೇಲಣ ನಂಬಿಕೆಯಲ್ಲಿತ್ತು.

೫. ಸ್ಥಳಭೇದದ ಅವಶ್ಯಕತೆ

ಮೂಲ ಮತ್ತು ಪ್ರತಿ ಒಂದೇ ಆವರಣದಲ್ಲಿದ್ದರೆ ಎರಡೂ ಒಂದೇ ವಿಧಿಗೆ ಒಳಗಾಗುತ್ತವೆ. ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್ ನಗರದಲ್ಲಿ ಓವಿಎಚ್ ಸಂಸ್ಥೆಯ ದತ್ತಕೇಂದ್ರದಲ್ಲಿ ೨೦೨೧ರ ಮಾರ್ಚ್ ೧೦ರಂದು ಬೆಂಕಿ ಬಿದ್ದು ಒಂದು ಐದಂತಸ್ತಿನ ಕಟ್ಟಡವು ಪೂರ್ಣವಾಗಿಯೂ ಪಕ್ಕದ್ದು ಭಾಗಶಃವೂ ನಾಶವಾದವು. ಬ್ಯಾಕಪ್ಪನ್ನು ಅದೇ ಸ್ಥಳದಲ್ಲಿ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು.

ದಕ್ಷಿಣ ಕೊರಿಯಾದ ದೇಜಾನ್ ನಗರದಲ್ಲಿರುವ ಸರ್ಕಾರಿ ದತ್ತಕೇಂದ್ರದಲ್ಲಿ ೨೦೨೫ರ ಸೆಪ್ಟೆಂಬರ್ ೨೬ರಂದು ಲಿಥಿಯಂ ಬ್ಯಾಟರಿಗಳಿಂದ ಬೆಂಕಿ ಹೊತ್ತಿಕೊಂಡು ನೂರಾರು ಸರ್ಕಾರಿ ಸೇವೆಗಳು ಸ್ಥಗಿತವಾದವು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಸಂಗ್ರಹದ ೮೫೮ ಟೆರಾಬೈಟು ದತ್ತವು ಅಂದು ಭಸ್ಮವಾಯಿತು. ಗಾತ್ರವು ಅತಿ ದೊಡ್ಡದೆಂಬ ಕಾರಣದಿಂದ ಅದಕ್ಕೆ ಹೊರಗೆಲ್ಲಿಯೂ ಬ್ಯಾಕಪ್ ಇರಲಿಲ್ಲ. ದೊಡ್ಡದೆಂದು ಪ್ರತಿ ಮಾಡದೆ ಬಿಟ್ಟ ಗ್ರಂಥವೇ ದೊಡ್ಡ ನಷ್ಟವಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಎಷ್ಟು ದೂರವಿದ್ದರೆ ಸಾಕು? ಬೆಂಕಿಗೆ ಬೇರೆ ಕಟ್ಟಡ ಸಾಕು. ನೆರೆಗೆ ಬೇರೆ ನದೀಪಾತ್ರ ಬೇಕು. ಭೂಕಂಪಕ್ಕೆ ಬೇರೆ ಭೂಕಂಪವಲಯವೇ ಬೇಕು. ಮೇಲೆ ಹೇಳಿದ ೨೦೨೧ರ ಆದೇಶದಲ್ಲಿ ಸೆಬಿಯು ಬದಲಿ ಕೇಂದ್ರವು ಬೇರೆ ಭೂಕಂಪವಲಯದಲ್ಲಿರುವುದು ಲೇಸೆಂದೂ, ಅದು ಸಾಧ್ಯವಾಗದಿದ್ದರೆ ಕನಿಷ್ಠ ೫೦೦ ಕಿಲೋಮೀಟರು ಅಂತರವಿರಬೇಕೆಂದೂ ಹೇಳಿತು. ಆದರೆ ದೂರ ಹೆಚ್ಚಿದಷ್ಟೂ ವಿಳಂಬವೂ ಹೆಚ್ಚುವುದೆಂದು ಹಿಂದೆಯೇ ಕಂಡಿದೆ. ಆದುದರಿಂದ ಹಲವು ಸಂಸ್ಥೆಗಳು ಹತ್ತಿರದ ಒಂದು ಕೇಂದ್ರದಲ್ಲಿ ಸಮಕಾಲಿಕ ಪ್ರತಿಯನ್ನೂ ದೂರದ ಇನ್ನೊಂದರಲ್ಲಿ ಅಸಮಕಾಲಿಕ ಪ್ರತಿಯನ್ನೂ ಇಡುತ್ತವೆ. ಮೊದಲನೆಯದು ನಮೂದುಗಳ ಲೋಪವನ್ನು ತಡೆಯುತ್ತದೆ. ಎರಡನೆಯದು ಪ್ರದೇಶವೇ ವಿಪತ್ತಿಗೆ ಸಿಕ್ಕಾಗ ಆಸರೆಯಾಗುತ್ತದೆ.

೬. ಇಬ್ಬರು ಪ್ರಧಾನರ ಸಮಸ್ಯೆ

ಫೇಲ್‌ಓವರ್ ಕಠಿನವಾದುದು ಒಂದು ಸೂಕ್ಷ್ಮ ಕಾರಣದಿಂದ. ಒಂದು ಕೇಂದ್ರದಿಂದ ಉತ್ತರ ಬಾರದಿದ್ದರೆ ಅದು ನಾಶವಾಗಿದೆಯೋ, ಅಥವಾ ನಡುವಣ ತಂತು ಮಾತ್ರ ಕಡಿದಿದೆಯೋ ಎಂಬುದನ್ನು ದೂರದಲ್ಲಿರುವವನು ತಿಳಿಯಲಾರನು. ಮೌನವು ಎರಡರಲ್ಲಿಯೂ ಒಂದೇ. ನಾಶವಾಗಿದೆಯೆಂದು ತಪ್ಪಾಗಿ ಗ್ರಹಿಸಿ ಎರಡನೆಯ ಕೇಂದ್ರವು ಪ್ರಧಾನಸ್ಥಾನವನ್ನು ವಹಿಸಿಕೊಂಡರೆ, ಎರಡು ಕಡೆಯೂ ಹೊಸ ನಮೂದುಗಳು ಬರೆಯಲ್ಪಟ್ಟು ಎರಡು ಶಾಖೆಗಳು ಹುಟ್ಟುತ್ತವೆ. ಒಂದರಲ್ಲಿ ಗರಿಗಳ ಸಂಖ್ಯೆ ೧೨೦ ಎಂದೂ ಇನ್ನೊಂದರಲ್ಲಿ ೧೨೪ ಎಂದೂ ತಿದ್ದಲ್ಪಟ್ಟಿದ್ದರೆ ಯಾವುದು ಪ್ರಮಾಣ?

ಗಿಟ್‌ಹಬ್ ಎಂಬ ಸಂಸ್ಥೆಯಲ್ಲಿ ೨೦೧೮ರ ಅಕ್ಟೋಬರ್ ೨೧ರಂದು ಇದೇ ನಡೆಯಿತು. ಉಪಕರಣವೊಂದನ್ನು ಬದಲಾಯಿಸುವಾಗ ಅಮೆರಿಕದ ಪೂರ್ವ ತೀರದ ಪ್ರಧಾನ ಕೇಂದ್ರದ ಸಂಪರ್ಕವು ಕೇವಲ ೪೩ ಸೆಕೆಂಡು ತಪ್ಪಿತು. ಅಷ್ಟರಲ್ಲಿ ಸ್ವಯಂಚಾಲಿತ ವ್ಯವಸ್ಥೆಯು ಪಶ್ಚಿಮ ತೀರದ ಪ್ರತಿಗಳಿಗೆ ಪ್ರಧಾನಸ್ಥಾನವನ್ನು ಕೊಟ್ಟುಬಿಟ್ಟಿತು. ಪೂರ್ವದಲ್ಲಿ ಬರೆಯಲ್ಪಟ್ಟು ಪಶ್ಚಿಮಕ್ಕೆ ತಲುಪದ ನಮೂದುಗಳು ಒಂದು ಕಡೆ, ಅನಂತರ ಪಶ್ಚಿಮದಲ್ಲಿ ಬರೆಯಲ್ಪಟ್ಟವು ಇನ್ನೊಂದು ಕಡೆ ಉಳಿದವು. ಶೀಘ್ರವಾಗಿ ಸೇವೆಯನ್ನು ಆರಂಭಿಸುವುದಕ್ಕಿಂತ ನಮೂದುಗಳ ಶುದ್ಧಿಯೇ ಮುಖ್ಯವೆಂದು ಸಂಸ್ಥೆಯು ನಿಶ್ಚಯಿಸಿತು. ೪೩ ಸೆಕೆಂಡಿನ ವಿಚ್ಛೇದವನ್ನು ಸರಿಪಡಿಸಲು ೨೪ ಗಂಟೆ ೧೧ ನಿಮಿಷ ಬೇಕಾಯಿತು. ಅತ್ಯಂತ ಹೆಚ್ಚು ಕಾರ್ಯನಿರತವಾದ ಸಂಚಯಗಳಲ್ಲೊಂದರಲ್ಲಿ ಹೀಗೆ ತಲುಪದೆ ಉಳಿದ ನಮೂದುಗಳು ೯೫೪ ಮಾತ್ರ. ಆದರೆ ಅವುಗಳಲ್ಲಿ ಪ್ರತಿಯೊಂದೂ ಯಾರೋ ಒಬ್ಬನಿಗೆ "ಸಿದ್ಧಿಸಿತು" ಎಂದು ಹೇಳಲ್ಪಟ್ಟಿದ್ದ ನಮೂದು.

ಈ ಇಕ್ಕಟ್ಟು ಆಕಸ್ಮಿಕವಲ್ಲ. ಸಂಪರ್ಕ ಕಡಿದಾಗ ಎಲ್ಲ ಪ್ರತಿಗಳ ಏಕರೂಪತೆಯನ್ನೂ ಎಲ್ಲ ಕೇಂದ್ರಗಳ ಅವಿಚ್ಛಿನ್ನ ಸೇವೆಯನ್ನೂ ಒಟ್ಟಿಗೆ ಪಡೆಯಲಾಗದೆಂದು ಎರಿಕ್ ಬ್ರೂವರ್ ೨೦೦೦ದಲ್ಲಿ ಪ್ರತಿಪಾದಿಸಿದರು. ಗಿಲ್ಬರ್ಟ್ ಮತ್ತು ಲಿಂಚ್ ೨೦೦೨ರಲ್ಲಿ ಅದನ್ನು ಗಣಿತದಿಂದ ಸಾಧಿಸಿದರು. ಎರಡರಲ್ಲಿ ಒಂದನ್ನು ಬಿಡಲೇಬೇಕು. ಯಾವುದನ್ನು ಬಿಡಬೇಕೆಂಬುದು ಮಾತ್ರ ಮನುಷ್ಯನ ಆಯ್ಕೆ.

ಇಬ್ಬರು ಪ್ರಧಾನರು ಹುಟ್ಟದಂತೆ ತಡೆಯುವ ಉಪಾಯವು ಬಹುಮತ. ಕೇಂದ್ರಗಳು ಮೂರಿದ್ದರೆ ಎರಡರ, ಐದಿದ್ದರೆ ಮೂರರ ಸಮ್ಮತಿಯಿಲ್ಲದೆ ಯಾವ ನಮೂದೂ ಸಿದ್ಧವಾಗಬಾರದು, ಯಾರೂ ಪ್ರಧಾನರಾಗಬಾರದು ಎಂಬುದು ನಿಯಮ. ಒಂದೇ ಗಣದ ಯಾವ ಎರಡು ಬಹುಮತಗಳನ್ನು ತೆಗೆದುಕೊಂಡರೂ ಅವುಗಳಿಗೆ ಒಬ್ಬನಾದರೂ ಸಾಮಾನ್ಯ ಸದಸ್ಯನಿರಲೇಬೇಕು. ಆ ಸಾಮಾನ್ಯ ಸದಸ್ಯನಿಗೆ ಹಿಂದಿನ ನಿರ್ಣಯವು ತಿಳಿದಿರುವುದರಿಂದ ವಿರುದ್ಧವಾದ ಎರಡು ನಿರ್ಣಯಗಳು ಸಂಭವಿಸವು. ಎರಡೇ ಕೇಂದ್ರಗಳಿದ್ದಲ್ಲಿ ಈ ಉಪಾಯವು ನಡೆಯದೆಂಬುದು ಸ್ಪಷ್ಟ: ಒಂದು ಬೇರ್ಪಟ್ಟರೆ ಯಾರಿಗೂ ಬಹುಮತವಿಲ್ಲ. ಆದ್ದರಿಂದಲೇ ಸಂಚಯವು ಎರಡೆಡೆ ಇದ್ದರೂ ಸಾಕ್ಷಿಮಾತ್ರವಾದ ಒಂದು ಯಂತ್ರವನ್ನು ಮೂರನೆಯ ಸ್ಥಳದಲ್ಲಿ ಇಡುವ ಪದ್ಧತಿ ಬೆಳೆದಿದೆ.

ಈ ನ್ಯಾಯವನ್ನು ವಿಶದವಾಗಿ ನಿರೂಪಿಸಿದವರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಪ್ರಮುಖರು. ಅವರ ಪ್ರಬಂಧದ ರೂಪವು ಪ್ರಾಚೀನ ಲೇಖಗಳ ಅಭ್ಯಾಸಿಗಳಿಗೆ ಕುತೂಹಲಕರವಾದುದು. ಗ್ರೀಸಿನ ಪ್ಯಾಕ್ಸೋಸ್ ದ್ವೀಪದಲ್ಲಿ ಪುರಾತನ ಶಾಸನಸಭೆಯೊಂದಿತ್ತೆಂದೂ, ಅದರ ದಾಖಲೆಗಳನ್ನು ಪುರಾತತ್ತ್ವಜ್ಞರು ಶೋಧಿಸಿದರೆಂದೂ ಕಲ್ಪಿಸಿಕೊಂಡು ಅವರು ವಿಷಯವನ್ನು ಮಂಡಿಸಿದರು. ಆ ಸಭೆಯ ಸದಸ್ಯರು ಇಚ್ಛೆ ಬಂದಾಗ ಸಭೆಗೆ ಬರುತ್ತಾರೆ, ಇಚ್ಛೆ ಬಂದಾಗ ಹೋಗುತ್ತಾರೆ. ಪ್ರತಿಯೊಬ್ಬನೂ ಅಳಿಸಲಾಗದ ಮಸಿಯಿಂದ ತನ್ನದೇ ವಹಿಯಲ್ಲಿ ಶಾಸನಗಳನ್ನು ಬರೆದಿಟ್ಟುಕೊಳ್ಳುತ್ತಾನೆ. ಆದರೂ ಯಾವ ಎರಡು ವಹಿಗಳಲ್ಲಿಯೂ ಪರಸ್ಪರ ವಿರುದ್ಧವಾದ ಶಾಸನ ಇರಬಾರದು. ಇದು ಹೇಗೆ ಸಾಧ್ಯ ಎಂಬುದೇ ಪ್ರಬಂಧದ ಪ್ರಶ್ನೆ. ೧೯೯೦ರಲ್ಲಿ ಒಪ್ಪಿಸಲ್ಪಟ್ಟ ಈ ಪ್ರಬಂಧವು ೧೯೯೮ರಲ್ಲಿ ಪ್ರಕಟವಾಯಿತು. ಆ ವಿಧಾನಕ್ಕೆ ಪ್ಯಾಕ್ಸೋಸ್ ಎಂಬ ಹೆಸರೇ ನಿಂತಿತು.

೭. ಪರೀಕ್ಷೆ

ಇಷ್ಟೆಲ್ಲ ವ್ಯವಸ್ಥೆಯಿದ್ದರೂ ಅದು ಫಲಿಸುವುದೆಂಬ ನಿಶ್ಚಯವು ಪ್ರಯೋಗದಿಂದ ಮಾತ್ರ ಸಿದ್ಧಿಸುತ್ತದೆ. ಭಾರತದ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ೨೦೨೧ರ ಫೆಬ್ರವರಿ ೨೪ರಂದು ದೂರಸಂಪರ್ಕ ಕೊಂಡಿಗಳ ತೊಂದರೆಯಿಂದ ಆರಂಭವಾದ ದೋಷದ ಪರಿಣಾಮವಾಗಿ ವಹಿವಾಟು ಸುಮಾರು ನಾಲ್ಕು ಗಂಟೆ ನಿಂತಿತು. ಬದಲಿ ಕೇಂದ್ರವಿದ್ದರೂ ಅಂದು ವಹಿವಾಟು ಅಲ್ಲಿಗೆ ಸ್ಥಾನಾಂತರವಾಗಲಿಲ್ಲ. ಅದೇ ಸಂಸ್ಥೆಯು ೨೦೨೪ರ ಮಾರ್ಚ್ ೨ರ ಶನಿವಾರ ವಿಶೇಷ ವಹಿವಾಟನ್ನು ಏರ್ಪಡಿಸಿ, ಮೊದಲ ಅವಧಿಯನ್ನು ಪ್ರಧಾನ ಕೇಂದ್ರದಿಂದಲೂ ಎರಡನೆಯದನ್ನು ಬದಲಿ ಕೇಂದ್ರದಿಂದಲೂ ನಡೆಸಿತು. ವಿಪತ್ತು ಇಲ್ಲದ ದಿನ ಮಾಡಿ ನೋಡಿದ ಕಾರ್ಯವೇ ವಿಪತ್ತಿನ ದಿನ ಕೈಗೂಡುವುದು.

ಸಂಗ್ರಹಿಸಿ ಹೇಳುವುದಾದರೆ, ಅನುಪ್ರತಿಯು ಯಂತ್ರನಾಶಕ್ಕೆ ಪರಿಹಾರ, ಬ್ಯಾಕಪ್ ಪ್ರಮಾದಕ್ಕೆ ಪರಿಹಾರ, ಸ್ಥಳಭೇದವು ವಿಪತ್ತಿಗೆ ಪರಿಹಾರ, ಬಹುಮತವು ಶಾಖಾಭೇದಕ್ಕೆ ಪರಿಹಾರ. ಇವುಗಳಲ್ಲಿ ಒಂದಿದೆಯೆಂದು ಉಳಿದವನ್ನು ಬಿಡುವಂತಿಲ್ಲ. ಹಸ್ತಪ್ರತಿಸೂಚಿಯಂಥ ಸಂಚಯಕ್ಕೆ ಷೇರುಪೇಟೆಯ ವೇಗ ಬೇಕಿಲ್ಲ; ಸೇವೆಯು ಒಂದು ದಿನ ನಿಂತರೂ ಹಾನಿಯಿಲ್ಲ. ಆದರೆ ವರ್ಷಗಟ್ಟಲೆ ಶ್ರಮದಿಂದ ಸಿದ್ಧವಾದ ನಮೂದು ಲುಪ್ತವಾದರೆ, ಅಷ್ಟರಲ್ಲಿ ಮೂಲದ ಗರಿಯೂ ಶಿಥಿಲವಾಗಿರುವ ಸಂಭವವಿದೆ. ಅಂಥ ಸಂಸ್ಥೆಯು ಕ್ಷಿಪ್ರವಾದ ಫೇಲ್‌ಓವರಿಗೆ ವೆಚ್ಚ ಮಾಡುವುದಕ್ಕಿಂತ, ಬೇರೆ ಬೇರೆ ತಿಥಿಗಳ ಬ್ಯಾಕಪ್ಪುಗಳನ್ನು ಬೇರೆ ಊರಿನಲ್ಲಿ ಇಟ್ಟು, ವರ್ಷಕ್ಕೊಮ್ಮೆಯಾದರೂ ಅವುಗಳಲ್ಲಿ ಒಂದನ್ನು ಖಾಲಿ ಯಂತ್ರದಲ್ಲಿ ಪೂರ್ಣವಾಗಿ ಮರಳಿ ಸ್ಥಾಪಿಸಿ, ನಮೂದುಗಳನ್ನು ಮೂಲದೊಡನೆ ಹೋಲಿಸಿ ನೋಡುವುದು ಮೇಲು. ತೆರೆದು ಓದಿ ತಾಳೆ ನೋಡದ ಪ್ರತಿಯನ್ನು ಭಂಡಾರದ ಲೆಕ್ಕದಲ್ಲಿ ಸೇರಿಸಬಹುದು. ರಕ್ಷಣೆಯ ಲೆಕ್ಕದಲ್ಲಿ ಸೇರಿಸಲಾಗದು.